ಎರಡು ಕಾಲಿನ ಮೇಲೆ ನಿಂತ ಕಥೆ

ಫಾಲ್ಗುಣದ ಬಿಸಿಲು ಏರುವ ಹೊತ್ತಿಗೆ ನಾಯಕನಹಟ್ಟಿಯ ದಾರಿಗಳೆಲ್ಲ ಕಾಲುಗಳಿಂದ ತುಂಬಿಹೋಗುತ್ತವೆ. ಗುರು ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಹತ್ತಿರ ಬಂದಂತೆ ಚಳ್ಳಕೆರೆಯ ಕಡೆಯಿಂದ, ಮೊಳಕಾಲ್ಮುರಿನ ಕಡೆಯಿಂದ, ಆಂಧ್ರದ ಗಡಿಯ ಹಳ್ಳಿಗಳಿಂದ ಜನ ಬರುತ್ತಲೇ ಇರುತ್ತಾರೆ. ಬಸ್ಸು, ಟ್ರ್ಯಾಕ್ಟರುಗಳಲ್ಲಿ ಬರುವವರ ಜೊತೆಗೆ ಹರಕೆ ಹೊತ್ತು ನಡೆದೇ ಬರುವವರೂ ಉಂಟು. ಚಳ್ಳಕೆರೆಯಿಂದಲೇ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ರಾತ್ರಿಯ ತಂಪಿನಲ್ಲಿ ಹೊರಟು, ತಲೆಯ ಮೇಲೊಂದು ಗಂಟು, ಕಂಕುಳಲ್ಲೊಂದು ಕೂಸು ಹೊತ್ತು ಬರಿಗಾಲಿನಲ್ಲಿ ನಡೆಯುವವರನ್ನು ನೋಡಿದರೆ, ನಡೆಯುವುದು ಎಷ್ಟು ಸುಲಭದ ಕೆಲಸ ಎಂದು ಯಾರಿಗಾದರೂ ಅನ್ನಿಸೀತು.

ದಾರಿ ಬದಿಯ ಹಳ್ಳಿಯೊಂದರ ಮನೆಯ ಜಗಲಿಯ ಮೇಲೆ ಕೂತ ಅಜ್ಜಿಗೆ ಮಾತ್ರ ಹಾಗನ್ನಿಸುವುದಿಲ್ಲ. ಮದುವೆಯಾಗಿ ಈ ಸೀಮೆಗೆ ಬಂದ ಮೇಲೆ ಅವಳು ತೇರಿಗೆ ನಡೆದು ಹೋಗದ ವರ್ಷವಿರಲಿಲ್ಲ. ಈಗ ಮೂರು ವರ್ಷದಿಂದ ಅದು ನಿಂತಿದೆ. ಬೆನ್ನು ಹಲಗೆಯಂತೆ ಬಿಗಿದುಕೊಂಡಿದೆ. ಮಂಡಿ ಪೂರ್ತಿ ಮಡಚುವುದಿಲ್ಲ, ಪೂರ್ತಿ ಚಾಚುವುದೂ ಇಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಕುತ್ತಿಗೆ ತಿರುಗದೆ ಇಡೀ ಮೈಯನ್ನೇ ತಿರುಗಿಸಬೇಕು. ‘ವಯಸ್ಸಾಯ್ತಲ್ಲ’ ಎಂದು ಮನೆಯವರು ಸುಮ್ಮನಾಗಿದ್ದಾರೆ. ಪಕ್ಕದಲ್ಲಿ ಹನ್ನೊಂದು ತಿಂಗಳ ಮೊಮ್ಮಗಳು ಕಂಬ ಹಿಡಿದು ಎದ್ದು ನಿಲ್ಲುವುದು, ಧೊಪ್ಪನೆ ಕೂರುವುದು, ಮತ್ತೆ ಏಳುವುದು ಮಾಡುತ್ತಿದ್ದಾಳೆ. ಎದುರಿನ ಹುಣಸೆ ಮರದಲ್ಲಿ ಕರಿಮೂತಿಯ ಮುಸುವಗಳ ಹಿಂಡು. ಒಂಬತ್ತನೇ ತರಗತಿಯಲ್ಲಿ ಓದುವ ಮೊಮ್ಮಗ ಮರವನ್ನೊಮ್ಮೆ, ದಾರಿಯನ್ನೊಮ್ಮೆ ನೋಡಿ ಕೇಳಿದ:

“ಅಜ್ಜೀ, ಮುಸುವ ಯಾಕೆ ಎರಡು ಕಾಲಲ್ಲಿ ನಡಕಂಡು ಹಟ್ಟಿಗೆ ಹೋಗಲ್ಲ?”

“ಅದಕ್ಕೇನು ಹರಕೆ ಐತೇನಪ್ಪಾ?” ಎಂದು ಅಜ್ಜಿ ನಕ್ಕಳು.

ನಗುವ ಮಾತಾದರೂ ಪ್ರಶ್ನೆ ಸಣ್ಣದಲ್ಲ. ಕೋತಿಗೆ ಎರಡು ಕಾಲುಗಳಿವೆ, ಮಂಡಿಯಿದೆ, ಪಾದವಿದೆ. ನಿಲ್ಲಲೂ ಬರುತ್ತದೆ. ಆದರೂ ಅದು ನಾಲ್ಕು ಕಾಲಿನ ಪ್ರಾಣಿ, ನಾವು ಎರಡು ಕಾಲಿನವರು. ಎಲ್ಲಿದೆ ವ್ಯತ್ಯಾಸ?

ಹತ್ತು ಹೆಜ್ಜೆಯ ಆಟ

ಅಜ್ಜಿಗೆ ಕೋತಿ ಆಡಿಸುವವರ ನೆನಪಿದೆ. ಹಿಂದೆ ಜಾತ್ರೆ, ಸಂತೆ ಎಂದರೆ ಅವರಿದ್ದೇ ಇರುತ್ತಿದ್ದರು. ಡಮರು ಬಾರಿಸಿ ಹಗ್ಗ ಜಗ್ಗಿದರೆ ಕೋತಿ ಹೆಗಲ ಮೇಲೆ ಕೋಲಿಟ್ಟುಕೊಂಡು ಎರಡು ಕಾಲಿನಲ್ಲಿ ‘ಅತ್ತೆಯ ಮನೆಗೆ’ ಹೊರಡುತ್ತಿತ್ತು. “ಹತ್ತು ಹೆಜ್ಜೆ ಹಾಕ್ತಿತ್ತು, ಆಮೇಲೆ ಕೈ ಊರೇ ಬಿಡ್ತಿತ್ತು. ಪಾಪ, ಅದಕ್ಕೆ ಸುಸ್ತು” ಎನ್ನುತ್ತಾಳೆ ಅಜ್ಜಿ. ಕೋತಿಯನ್ನು ಹೊಡೆದು ಬಡಿದು ಪಳಗಿಸುವ ಈ ಆಟಕ್ಕೆ ಕೇಂದ್ರ ಸರ್ಕಾರ 1998ರಲ್ಲಿ ತಡೆ ಹಾಕಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂಬ ಆ ಆಜ್ಞೆಯನ್ನು 2001ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಅಜ್ಜಿ ಕಣ್ಣಳತೆಯಲ್ಲೇ ಕಂಡುಕೊಂಡದ್ದನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ಜಪಾನಿನಲ್ಲಿಯೂ ಕೋತಿ ಆಡಿಸುವ ಹಳೆಯ ಕಲೆಯಿದೆ. ಅಲ್ಲಿ ವರ್ಷಗಟ್ಟಲೆ ಪಳಗಿದ ಕೋತಿಗಳು ನಮ್ಮಲ್ಲಿಯವುಗಳಿಗಿಂತ ಚೆನ್ನಾಗಿಯೇ ನಡೆಯುತ್ತವೆ. ಹಾಗೆ ನಡೆದೂ ನಡೆದೂ ಅವುಗಳ ಬೆನ್ನಿನಲ್ಲಿ ಮನುಷ್ಯರ ಬೆನ್ನಿನಂಥದೇ ಒಂದು ಬಾಗು ಮೂಡುತ್ತದೆಂಬುದು ಅಲ್ಲಿನ ಸಂಶೋಧಕರಿಗೆ ಕಂಡಿತು. ಆದರೂ ಎರಡು ಕಾಲಿನಲ್ಲಿ ನಡೆಯುವಾಗ ಆ ಕೋತಿಗಳಿಗೆ ನಾಲ್ಕು ಕಾಲಿನ ನಡಿಗೆಗಿಂತ ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತಿತ್ತು. ಅಭ್ಯಾಸ ಎಷ್ಟೇ ಮಾಡಿಸಿದರೂ ಎಲುಬಿನ ಕಟ್ಟು ಬೇರೆಯೇ ಅಲ್ಲವೆ?

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮಂಡಿ ಮತ್ತು ಸೊಂಟ ಎರಡನ್ನೂ ತುಸು ಬಗ್ಗಿಸಿ, ಕುರ್ಚಿಯಿಂದ ಅರ್ಧ ಎದ್ದವರ ಹಾಗೆ, ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು ನೋಡಿ. ನಾಲ್ಕು ಸುತ್ತು ಹಾಕುವುದರೊಳಗೆ ತೊಡೆ ಉರಿಯತೊಡಗುತ್ತದೆ. ಕೋತಿಯೂ ಚಿಂಪಾಂಜಿಯೂ ಎರಡು ಕಾಲಿನಲ್ಲಿ ನಡೆಯುವುದು ಹೀಗೆಯೇ. ಅವುಗಳಿಗೆ ಮಂಡಿಯನ್ನು ನೆಟ್ಟಗೆ ಚಾಚಿ, ಅದರ ಮೇಲೆ ಮೈಯ ಭಾರವನ್ನು ಆನಿಸಿ ಬಿಡುವ ಸೌಕರ್ಯವಿಲ್ಲ. ಪ್ರತಿ ಹೆಜ್ಜೆಯಲ್ಲೂ ಸ್ನಾಯುಗಳೇ ಭಾರ ಹೊರಬೇಕು. ನಾವಾದರೋ ಮಂಡಿಯನ್ನು ನೇರ ಮಾಡಿ ಎಲುಬಿನ ಮೇಲೆ ಎಲುಬು ಇಟ್ಟು ನಿಲ್ಲುತ್ತೇವೆ. ಕಂಬದ ಮೇಲೆ ಕಂಬ ನಿಲ್ಲಿಸಿದಂತೆ. ಸ್ನಾಯುಗಳಿಗೆ ಅಷ್ಟರಮಟ್ಟಿಗೆ ಬಿಡುವು.

ಅಜ್ಜನಲ್ಲ, ದಾಯಾದಿ

ಇಲ್ಲಿ ಒಂದು ತಕರಾರು ಏಳುವುದು ಸಹಜ. ಕೋತಿಯನ್ನೂ ಮನುಷ್ಯನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಎಷ್ಟೋ ಮನೆಗಳಲ್ಲಿ ಹಿರಿಯರು, “ಹಾಗಾದ್ರೆ ನಮ್ಮ ಮುತ್ತಜ್ಜ ಕೋತಿಯೇನು?” ಎಂದು ರೇಗುತ್ತಾರೆ. ಜೀವವಿಜ್ಞಾನ ಹಾಗೆ ಹೇಳುವುದೂ ಇಲ್ಲ. ಹುಣಸೆ ಮರದ ಮುಸುವವಾಗಲಿ, ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಕೂದಲಿರುವ ಊರ ಕೋತಿಯಾಗಲಿ ನಮ್ಮ ಅಜ್ಜಂದಿರಲ್ಲ, ದೂರದ ದಾಯಾದಿಗಳು. ಅವುಗಳ ವಂಶವೂ ನಮ್ಮ ವಂಶವೂ ಬೇರೆಯಾಗಿ ಎರಡೂವರೆಯಿಂದ ಮೂರು ಕೋಟಿ ವರ್ಷಗಳಾಗಿರಬೇಕೆಂದು ಲೆಕ್ಕ. ಹತ್ತಿರದ ದಾಯಾದಿಗಳೆಂದರೆ ಬಾಲವಿಲ್ಲದ ವಾನರಗಳು. ಅವುಗಳಲ್ಲಿಯೂ ಆಫ್ರಿಕದ ಚಿಂಪಾಂಜಿಯ ಕವಲು ನಮ್ಮ ಕವಲಿನಿಂದ ಬೇರೆಯಾದದ್ದು ಸುಮಾರು 60–70 ಲಕ್ಷ ವರ್ಷಗಳ ಹಿಂದೆ. ಪಾಲಾದ ಮೇಲೆ ಅಣ್ಣತಮ್ಮಂದಿರು ತಮ್ಮ ತಮ್ಮ ಹೊಲದಲ್ಲಿ ಬೇರೆ ಬೇರೆ ಬೆಳೆ ತೆಗೆದ ಹಾಗೆ, ಪ್ರತಿಯೊಂದು ಕವಲೂ ತನ್ನ ದಾರಿಯಲ್ಲಿ ಬದಲಾಗುತ್ತ ಬಂದಿದೆ. ಇಂದಿನ ಚಿಂಪಾಂಜಿಯೂ ನಮ್ಮ ಅಜ್ಜನಲ್ಲ.

ದಾಯಾದಿಗಳ ಮೈಯನ್ನು ಹೋಲಿಸಿದಾಗ ಯಾವುದು ಎಲ್ಲರಿಗೂ ಬಂದ ಹಳೆಯ ಆಸ್ತಿ, ಯಾವುದು ನಮ್ಮ ಹೊಸ ಗಳಿಕೆ ಎಂಬುದು ತಿಳಿಯುತ್ತದೆ. ಮುಸುವ ಕೊಂಬೆಯ ಮೇಲೆ ಕೂತು ಹುಣಸೆ ಚಿಗುರು ತಿನ್ನುವುದನ್ನು ನೋಡಿ. ಬೆನ್ನು ನೆಟ್ಟಗಿದೆ, ಕೈಗಳು ಬಿಡುವಾಗಿವೆ. ಕೂತಾಗ ಅದೂ ನಮ್ಮಂತೆಯೇ. ಎದ್ದು ನಡೆದಾಗ ಮಾತ್ರ ಬೆನ್ನು ನೆಲಕ್ಕೆ ಅಡ್ಡವಾಗುತ್ತದೆ. ಅಂದರೆ ಮುಂಡವನ್ನು ನೆಟ್ಟಗಿಡುವುದು ಈ ಕುಲಕ್ಕೆಲ್ಲ ಸೇರಿದ ಹಳೆಯ ಗುಣ. ಕಾಲನ್ನು ನೆಟ್ಟಗೆ ಮಾಡಿದ್ದು ನಮ್ಮ ಗಳಿಕೆ.

ಹೆಗಲಿನ ಕಥೆ ಇನ್ನೂ ಸ್ವಾರಸ್ಯದ್ದು. ಚಿತ್ರದುರ್ಗದ ಕೋಟೆಯ ಕಲ್ಲುಗೋಡೆಗಳನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರ ಹೆಸರನ್ನು ಈ ಜಿಲ್ಲೆಯ ಮಕ್ಕಳೆಲ್ಲ ಕೇಳಿದ್ದಾರೆ. ಕೋತಿಗಳನ್ನು ನೋಡಿ ಹತ್ತುವುದನ್ನು ಕಲಿತ ಅವರನ್ನು ಜನ ಕೋತಿರಾಜ್ ಎಂದೇ ಕರೆಯುತ್ತಾರೆ. ಆದರೆ ಅವರ ಹೆಗಲು ಕೋತಿಯ ಹೆಗಲಲ್ಲ. ಕೋತಿಯ ಎದೆಗೂಡು ನಾಯಿಯ ಎದೆಗೂಡಿನಂತೆ ಕಿರಿದು, ಆಳ. ಹೆಗಲಮೂಳೆಗಳು ಪಕ್ಕದಲ್ಲಿವೆ. ಕೊಂಬೆಯ ಮೇಲೆ ನಾಲ್ಕು ಕಾಲಿನಲ್ಲಿ ಓಡಲು ಅದು ಸರಿಯಾದ ಕಟ್ಟು. ಮನುಷ್ಯರ, ಗಿಬ್ಬನ್, ಒರಾಂಗುಟಾನ್, ಚಿಂಪಾಂಜಿಗಳ ಎದೆಗೂಡು ಅಗಲವಾಗಿದ್ದು, ಹೆಗಲಮೂಳೆಗಳು ಬೆನ್ನಿಗೆ ಬಂದಿವೆ. ಆದ್ದರಿಂದಲೇ ನಮ್ಮ ತೋಳು ತಲೆಯ ಮೇಲಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಎಲ್ಲ ಕಡೆಗೂ ತಿರುಗುತ್ತದೆ. ಕೊಂಬೆಯ ಕೆಳಗೆ ಜೋತಾಡಿದ ಪೂರ್ವಿಕರ ಬಳುವಳಿ ಅದು. ಕೋತಿರಾಜ್ ಬಂಡೆಯ ಬಿರುಕಿಗೆ ಕೈ ಚಾಚಿದಾಗ ದುಡಿಯುವುದು ಕೋತಿಯ ಹೆಗಲಲ್ಲ, ವಾನರನ ಹೆಗಲು. ಅಜ್ಜಿ ತಲೆಯ ಮೇಲಿನ ಕೊಡಕ್ಕೆ ಕೈ ಆನಿಸುತ್ತಿದ್ದಾಗ ದುಡಿದದ್ದೂ ಅದೇ ಹೆಗಲು.

ನೆತ್ತಿಯಿಂದ ಅಂಗಾಲಿನವರೆಗೆ

ಹಾಗಾದರೆ ನಿಲ್ಲುವುದಕ್ಕಾಗಿ ಮೈಯಲ್ಲಿ ಏನೇನು ಬದಲಾಯಿತು? ಮೇಲಿನಿಂದ ಕೆಳಕ್ಕೆ ನೋಡುತ್ತ ಬರೋಣ.

ಮೊದಲನೆಯದು ತಲೆಬುರುಡೆ. ಮಿದುಳಿನಿಂದ ಹೊರಟ ನರಗಳ ಹುರಿ ಬೆನ್ನಿಗೆ ಇಳಿಯಲು ಬುರುಡೆಯಲ್ಲೊಂದು ದೊಡ್ಡ ತೂತಿದೆ. ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಅದು ಬುರುಡೆಯ ಹಿಂಭಾಗಕ್ಕಿರುತ್ತದೆ. ನಮ್ಮಲ್ಲಿ ಬುರುಡೆಯ ಅಡಿಗೆ, ನಡುವಿನ ಹತ್ತಿರಕ್ಕೆ ಬಂದಿದೆ. ತಲೆಯ ಮೇಲಿನ ಕೊಡ ಸಮವಾಗಿ ಕೂತಂತೆ ನಮ್ಮ ತಲೆ ಕುತ್ತಿಗೆಯ ಮೇಲೆ ಕೂತಿದೆ.

ಎರಡನೆಯದು ಬೆನ್ನೆಲುಬು. ನಮ್ಮ ಬೆನ್ನು ನೆಟ್ಟಗಿದೆ ಎನ್ನುತ್ತೇವಾದರೂ ಅದು ಕೋಲಿನಂತೆ ನೇರವಾಗಿಲ್ಲ. ಕುತ್ತಿಗೆಯಲ್ಲಿ ಮುಂದಕ್ಕೆ, ಎದೆಯಲ್ಲಿ ಹಿಂದಕ್ಕೆ, ಸೊಂಟದಲ್ಲಿ ಮತ್ತೆ ಮುಂದಕ್ಕೆ ಬಾಗಿದೆ. ಈ ಬಾಗುಗಳಿಂದಾಗಿ ಮೈಯ ಭಾರವೆಲ್ಲ ಪಾದಗಳ ನೇರಕ್ಕೆ ಬೀಳುತ್ತದೆ. ಹೆಜ್ಜೆಯ ಪೆಟ್ಟನ್ನು ಬೆನ್ನು ಸ್ಪ್ರಿಂಗಿನಂತೆ ತಾಳಿಕೊಳ್ಳುತ್ತದೆ. ಸೊಂಟದ ಭಾಗದಲ್ಲಿ ನಮಗೆ ಐದು ಮಣಿಗಳಿವೆ, ಚಿಂಪಾಂಜಿಗೆ ಮೂರೋ ನಾಲ್ಕೋ ಮಾತ್ರ. ಅದರ ಸೊಂಟ ಗಿಡ್ಡ, ಬಿಗಿ. ಹಿಂದಕ್ಕೆ ಬಾಗಿ ನಿಲ್ಲಲು ಅಲ್ಲಿ ಎಡೆಯೇ ಇಲ್ಲ.

ಮೂರನೆಯದು ಸೊಂಟದ ಮೂಳೆ. ಚಿಂಪಾಂಜಿಯಲ್ಲಿ ಅದು ಉದ್ದವಾದ ಹಲಗೆಯಂತೆ ಬೆನ್ನಿಗಂಟಿದೆ. ನಮ್ಮಲ್ಲಿ ಗಿಡ್ಡವಾಗಿ, ಅಗಲವಾಗಿ, ಬೋಗುಣಿಯಂತೆ ಪಕ್ಕಕ್ಕೆ ತಿರುಗಿಕೊಂಡಿದೆ. ಇದರ ಲಾಭ ತಿಳಿಯಬೇಕಾದರೆ ಚಳ್ಳಕೆರೆಯ ಕಾವಲುಗಳಲ್ಲಿ ಕುರಿ ಕಾಯುವವರನ್ನು ನೋಡಬೇಕು. ಹೆಗಲ ಮೇಲೆ ಕಂಬಳಿ ಹಾಕಿ, ಕೋಲಿಗೆ ಆತು, ಒಂದು ಕಾಲನ್ನು ಎತ್ತಿ ಇನ್ನೊಂದು ಕಾಲಿಗೆ ಒತ್ತಿ ಬಹಳ ಹೊತ್ತು ನಿಲ್ಲಬಲ್ಲರು. ಒಂದು ಕಾಲು ಎತ್ತಿದಾಗ ಆ ಬದಿಗೆ ಮೈ ವಾಲಬೇಕಲ್ಲವೆ? ವಾಲದಂತೆ ಹಿಡಿಯುವುದು ಸೊಂಟದ ಪಕ್ಕದಲ್ಲಿರುವ ಸ್ನಾಯುಗಳು. ನಾವು ಇಡುವ ಪ್ರತಿ ಹೆಜ್ಜೆಯಲ್ಲೂ ಒಂದು ಕ್ಷಣ ಒಂಟಿ ಕಾಲಿನ ಮೇಲೆಯೇ ನಿಂತಿರುತ್ತೇವೆ. ಚಿಂಪಾಂಜಿಯ ಸೊಂಟದಲ್ಲಿ ಇದೇ ಸ್ನಾಯುಗಳು ಹಿಂದಕ್ಕಿರುವುದರಿಂದ ಅದು ಎರಡು ಕಾಲಿನಲ್ಲಿ ನಡೆಯುವಾಗ ತಕ್ಕಡಿಯಂತೆ ಅತ್ತ ಇತ್ತ ತೂಗುತ್ತದೆ.

ನಾಲ್ಕನೆಯದು ಮಂಡಿ. ನಮ್ಮ ತೊಡೆಮೂಳೆ ಸೊಂಟದಿಂದ ಮಂಡಿಗೆ ಬರುವಾಗ ಒಳಕ್ಕೆ ಓರೆಯಾಗಿ ಇಳಿಯುತ್ತದೆ. ಅದರಿಂದ ಎರಡು ಪಾದಗಳೂ ಮೈಯ ಕೆಳಗೇ ಬೀಳುತ್ತವೆ. ಹಸಿ ಮಣ್ಣಿನಲ್ಲಿ ನಡೆದವರ ಹೆಜ್ಜೆಗಳನ್ನು ಗಮನಿಸಿ. ಅವು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ.

ಐದನೆಯದು ಪಾದ. ಮುಸುವದ ಹಿಂಗಾಲೂ ಒಂದು ಕೈಯೇ. ಹೆಬ್ಬೆರಳು ಬೇರೆಯಾಗಿ ನಿಂತು ಕೊಂಬೆಯನ್ನು ಹಿಡಿಯುತ್ತದೆ. ನಮ್ಮ ಹೆಬ್ಬೆರಳು ಉಳಿದ ಬೆರಳುಗಳ ಸಾಲಿಗೆ ಸೇರಿಕೊಂಡಿದೆ. ಹಿಮ್ಮಡಿ ದಪ್ಪವಾಗಿದೆ. ಅಂಗಾಲಿನಲ್ಲಿ ಸೇತುವೆಯ ಕಮಾನಿನಂಥ ಬಾಗು ಬಂದಿದೆ. ಹಿಮ್ಮಡಿಯಲ್ಲಿ ನೆಲ ಮುಟ್ಟಿ, ಕಮಾನಿನ ಮೇಲೆ ಉರುಳಿ, ಹೆಬ್ಬೆರಳಿನಿಂದ ನೆಲವನ್ನು ಒದ್ದು ಮುಂದೆ ಸಾಗುವುದೇ ನಮ್ಮ ನಡಿಗೆ. ಹಿಡಿಯುವ ಕಾಲನ್ನು ಕೊಟ್ಟು ನಾವು ಒದೆಯುವ ಕಾಲನ್ನು ಪಡೆದೆವು.

ಮೊದಲು ಕಾಲು, ಆಮೇಲೆ ತಲೆ

ಮನುಷ್ಯ ಮೊದಲು ಬುದ್ಧಿವಂತನಾದ, ಆಮೇಲೆ ಎದ್ದು ನಿಂತ ಎಂದು ಬಹಳ ಮಂದಿ ಪಂಡಿತರು ನಂಬಿದ್ದ ಕಾಲವಿತ್ತು. ಮಣ್ಣಿನಲ್ಲಿ ಹೂತಿದ್ದ ಎಲುಬುಗಳು ಅದನ್ನು ತಲೆಕೆಳಗು ಮಾಡಿದವು. 1924ರಲ್ಲಿ ದಕ್ಷಿಣ ಆಫ್ರಿಕದ ಟೌಂಗ್‌ನ ಕಲ್ಲುಗಣಿಯಿಂದ ಒಂದು ಮಗುವಿನ ಬುರುಡೆ ರೇಮಂಡ್ ಡಾರ್ಟ್ ಅವರ ಕೈಸೇರಿತು. ಮಿದುಳು ವಾನರನ ಅಳತೆಯದು. ಆದರೆ ಆ ದೊಡ್ಡ ತೂತು ಬುರುಡೆಯ ಅಡಿಗೆ ಸರಿದಿತ್ತು. ಈ ಮಗು ನೆಟ್ಟಗೆ ನಡೆಯುತ್ತಿತ್ತು ಎಂದು ಡಾರ್ಟ್ 1925ರಲ್ಲಿ ಬರೆದಾಗ ನಂಬಿದವರು ಕಡಿಮೆ. 1974ರಲ್ಲಿ ಇಥಿಯೋಪಿಯದ ಹಾಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ಮತ್ತು ಸಂಗಡಿಗರಿಗೆ ಸಿಕ್ಕ ‘ಲೂಸಿ’ ಆ ಸಂದೇಹವನ್ನು ಕಳೆಯಿತು. 32 ಲಕ್ಷ ವರ್ಷಗಳ ಹಿಂದಿನ, ಮೂರೂವರೆ ಅಡಿ ಎತ್ತರದ ಆ ಜೀವಿಯ ಅಸ್ಥಿಪಂಜರದಲ್ಲಿ ಸೊಂಟ ಬೋಗುಣಿಯಂತಿತ್ತು, ತೊಡೆಮೂಳೆ ಒಳಕ್ಕೆ ಓರೆಯಾಗಿತ್ತು. ಮಿದುಳು ಮಾತ್ರ ಚಿಂಪಾಂಜಿಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ.

ಎಲ್ಲಕ್ಕಿಂತ ಮನ ಮುಟ್ಟುವ ಸಾಕ್ಷಿ ಎಲುಬಿನದಲ್ಲ, ಹೆಜ್ಜೆಯದು. ಕೆರೆಯಂಗಳದ ಹಸಿ ಮಣ್ಣಿನಲ್ಲಿ ಮೂಡಿದ ಹೆಜ್ಜೆ ಬೇಸಗೆಯಲ್ಲಿ ಗಟ್ಟಿಯಾಗಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ತಾಂಜಾನಿಯದ ಲೇಟೋಲಿಯಲ್ಲಿ ಜ್ವಾಲಾಮುಖಿಯ ಬೂದಿಯ ಮೇಲೆ ತುಂತುರು ಮಳೆ ಬಿದ್ದು ನೆಲ ಹಸಿ ಸಿಮೆಂಟಿನಂತಾಗಿದ್ದಾಗ ಯಾರೋ ಅದರ ಮೇಲೆ ನಡೆದುಹೋದರು. 1978ರಲ್ಲಿ ಮೇರಿ ಲೀಕಿಯವರ ತಂಡ ಆ ಹೆಜ್ಜೆಗಳನ್ನು ಬೆಳಕಿಗೆ ತಂದಿತು. ಸುಮಾರು 27 ಮೀಟರ್ ಉದ್ದದ ಸಾಲು. ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇದೆ, ಹಿಮ್ಮಡಿಯ ಗುರುತು ಆಳವಾಗಿದೆ. ದೊಡ್ಡವರೊಬ್ಬರ ಹೆಜ್ಜೆಯ ಪಕ್ಕದಲ್ಲಿ ಚಿಕ್ಕವರ ಹೆಜ್ಜೆ. ಹಟ್ಟಿಯ ದಾರಿಯ ಧೂಳಿನಲ್ಲಿ ಮೂಡುವಂಥದೇ ಗುರುತು, 36 ಲಕ್ಷ ವರ್ಷಗಳಿಗೂ ಹಿಂದಿನದು! ಈವರೆಗೆ ಸಿಕ್ಕ ಅತಿ ಹಳೆಯ ಕಲ್ಲಿನ ಉಪಕರಣಗಳಿಗೆ ಸುಮಾರು 33 ಲಕ್ಷ ವರ್ಷ. ಮಿದುಳು ದೊಡ್ಡದಾದದ್ದು ಅದಕ್ಕೂ ಬಹಳ ಈಚೆಗೆ. ಮೊದಲು ಕಾಲು ನೆಟ್ಟಗಾಯಿತು, ತಲೆ ಬೆಳೆದದ್ದು ಆಮೇಲೆ.

ಇಂದಿನ ವಿದ್ಯಾರ್ಥಿಗಳ ತಂದೆತಾಯಂದಿರಿಗೆ ತಮ್ಮ ಶಾಲೆಯ ದಿನಗಳ ‘ರಾಮಾಪಿಥೆಕಸ್’ ನೆನಪಿರಬಹುದು. 1932ರಲ್ಲಿ ಶಿವಾಲಿಕ ಬೆಟ್ಟಗಳಲ್ಲಿ ಜಿ. ಎಡ್ವರ್ಡ್ ಲೂಯಿಸ್ ಅವರಿಗೆ ಸಿಕ್ಕ ದವಡೆಯ ತುಂಡಿನಿಂದ ಹೊರಟ ಆ ಹೆಸರು ಮನುಷ್ಯನ ಮೊದಲ ಪೂರ್ವಿಕನೆಂದು ಪುಸ್ತಕಗಳಲ್ಲಿ ಮೆರೆಯಿತು. ದವಡೆ ನೋಡಿಯೇ ಅವನು ಎರಡು ಕಾಲಿನಲ್ಲಿ ನಡೆದನೆಂದು ಊಹಿಸಿದವರೂ ಇದ್ದರು. 1982ರಲ್ಲಿ ಡೇವಿಡ್ ಪಿಲ್‌ಬೀಮ್, ಅದೇ ಬಳಗಕ್ಕೆ ಸೇರಿದ, ಪಾಕಿಸ್ತಾನದಲ್ಲಿ ಸಿಕ್ಕ ಒಂದು ಮುಖದ ಮೂಳೆಯನ್ನು ವಿವರಿಸಿದರು. ಅದು ಒರಾಂಗುಟಾನ್ ಮುಖವನ್ನು ಹೋಲುತ್ತಿತ್ತು. ರಾಮಾಪಿಥೆಕಸ್ ನಮ್ಮ ವಂಶದ ಪಟ್ಟಿಯಿಂದ ಇಳಿದುಹೋಯಿತು. ಅಪ್ಪನ ಪುಸ್ತಕದಲ್ಲಿದ್ದುದು ಮಗನ ಪುಸ್ತಕದಲ್ಲಿ ಇಲ್ಲದಿದ್ದರೆ ಅದು ವಿಜ್ಞಾನದ ಸೋಲಲ್ಲ. ಹೊಸ ಸಾಕ್ಷಿ ಬಂದಾಗ ಹಳೆಯ ಮಾತನ್ನು ತಿದ್ದಿಕೊಳ್ಳುವುದೇ ಅದರ ನಡೆ.

ನಿಂತದ್ದಾದರೂ ಏಕೆ?

ಕೈಗಳು ಬಿಡುವಾಗಲೆಂದು ಎದ್ದು ನಿಂತಿರಬೇಕೆಂದು 1871ರಲ್ಲಿ ಡಾರ್ವಿನ್ ಊಹಿಸಿದ್ದರು. ಕಾಡು ಕಡಿಮೆಯಾಗಿ ಹುಲ್ಲುಗಾವಲು ಹಬ್ಬಿದಾಗ ದೂರ ನಡೆಯಬೇಕಾಗಿ ಬಂತು ಎನ್ನುವವರುಂಟು. 2007ರಲ್ಲಿ ಅಮೆರಿಕದ ಸಂಶೋಧಕರು ಚಿಂಪಾಂಜಿಗಳನ್ನೂ ಮನುಷ್ಯರನ್ನೂ ಚಲಿಸುವ ಪಟ್ಟಿಯ ಮೇಲೆ ನಡೆಸಿ ಉಸಿರನ್ನು ಅಳೆದರು. ಅಷ್ಟೇ ತೂಕವನ್ನು ಅಷ್ಟೇ ದೂರ ಒಯ್ಯಲು ಚಿಂಪಾಂಜಿಗೆ ತಗಲುವ ಶಕ್ತಿಯಲ್ಲಿ ಮನುಷ್ಯನಿಗೆ ಸಾಕಾದದ್ದು ನಾಲ್ಕನೆಯ ಒಂದು ಪಾಲು. ದೇವರ ಎತ್ತುಗಳ ಹಿಂದೆ ದಿನವಿಡೀ ಅಲೆಯುವ ಕಿಲಾರಿಯೂ, ಕುರಿಮಂದೆಯ ಹಿಂದೆ ಊರೂರು ದಾಟುವ ಗೊಲ್ಲನೂ ರೊಟ್ಟಿ ಚಟ್ನಿಯ ಬಲದಲ್ಲಿ ಅಷ್ಟು ದೂರ ನಡೆಯಬಲ್ಲ ಗುಟ್ಟು ಇದೇ.

ಆದರೆ ನಿಲ್ಲುವ ಪಾಠ ನೆಲದ ಮೇಲೆಯೇ ಶುರುವಾಯಿತೆಂದು ಹೇಳುವಂತಿಲ್ಲ. ಸುಮಾತ್ರದ ಕಾಡಿನಲ್ಲಿ ಒರಾಂಗುಟಾನ್‌ಗಳು ಬಳುಕುವ ತೆಳು ಕೊಂಬೆಗಳ ಮೇಲೆ ಕಾಲನ್ನು ನೆಟ್ಟಗೆ ಮಾಡಿ, ಕೈಯಿಂದ ಮೇಲಿನ ಕೊಂಬೆ ಹಿಡಿದು ನಡೆಯುವುದನ್ನು 2007ರಲ್ಲಿ ಮತ್ತೊಂದು ತಂಡ ವರದಿ ಮಾಡಿತು. ತಾಂಜಾನಿಯದ ಇಸ್ಸಾ ಕಣಿವೆಯ ಚಿಂಪಾಂಜಿಗಳು ಮರ ವಿರಳವಾದ ಬಯಲಲ್ಲಿ ಬಾಳುತ್ತಿದ್ದರೂ ಎರಡು ಕಾಲಿನಲ್ಲಿ ನಿಲ್ಲುವುದು ಹೆಚ್ಚಾಗಿ ಮರದ ಮೇಲೆಯೇ ಎಂದು 2022ರಲ್ಲಿ ತಿಳಿದುಬಂತು. ನಮ್ಮ ಪೂರ್ವಿಕರೂ ಮೊದಲು ಕೊಂಬೆಯ ಮೇಲೆ ನಿಲ್ಲುವುದನ್ನು ಕಲಿತು, ಕಲಿತದ್ದನ್ನು ನೆಲಕ್ಕೆ ಇಳಿಸಿದರೇ? ಈ ವಾದ ಇನ್ನೂ ನಡೆದಿದೆ.

ನಡೆದರೆ ಮಾತ್ರ ಕಾಲು

ಜಗಲಿಯ ಕಂಬ ಹಿಡಿದ ಕೂಸಿನ ಮೈಯಲ್ಲಿ ಈ ದೀರ್ಘ ಕಥೆಯ ಒಂದು ನೆರಳು ಕಾಣುತ್ತದೆ. ಹುಟ್ಟಿದಾಗ ಅವಳ ಬೆನ್ನಿಗೆ ಒಂದೇ ಬಾಗು, ಬಿಲ್ಲಿನಂತೆ. ತಲೆ ಎತ್ತತೊಡಗಿದಾಗ ಕುತ್ತಿಗೆಯ ಬಾಗು ಕಾಣಿಸಿಕೊಂಡಿತು. ಕೂತು, ಎದ್ದು ನಿಲ್ಲುವಾಗ ಸೊಂಟದ ಬಾಗು ಸ್ಪಷ್ಟವಾಗುತ್ತದೆ. ಅಂಗಾಲು ಈಗ ಚಪ್ಪಟೆ. ಕಮಾನು ಬರಲು ಇನ್ನೂ ಕೆಲವು ವರ್ಷ ಬೇಕು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ತೊಡೆಮೂಳೆಯ ಆ ಓರೆ. ಅದು ಹುಟ್ಟುವಾಗ ಇರುವುದಿಲ್ಲ. ಮಗು ನಡೆದಂತೆ ನಡೆದಂತೆ ಮೂಡುತ್ತದೆ. ಕಾರಣಾಂತರದಿಂದ ಎಂದೂ ನಡೆಯಲಾಗದ ಮಕ್ಕಳಲ್ಲಿ ಅದು ಬೆಳೆಯುವುದೇ ಇಲ್ಲ. ವಂಶ ಕೊಡುವುದು ಬೀಜ ಮಾತ್ರ, ಬೆಳೆ ತೆಗೆಯುವುದು ನಡಿಗೆ.

ಕೂಸಿನ ಅಂಗೈಗೆ ಬೆರಳಿಟ್ಟರೆ ಹುಟ್ಟಿದ ದಿನವೇ ಬಿಗಿಯಾಗಿ ಹಿಡಿಯುತ್ತದೆ. ಮುಸುವದ ಮರಿ ತಾಯಿಯ ಹೊಟ್ಟೆಗೆ ಅಂಟಿಕೊಳ್ಳುವುದು ಅದೇ ಹಿಡಿತದಿಂದ. ಆದರೆ ನಮ್ಮ ಕೂಸಿನ ಕಾಲು ಹಿಡಿಯಲಾರದು. ಆದ್ದರಿಂದ ತಾಯಿಯೇ ಅದನ್ನು ಎತ್ತಿಕೊಳ್ಳಬೇಕು. ಹೆರಿಗೆಯೂ ಕಷ್ಟವಾಯಿತು. ನಡಿಗೆಗೆ ಹೊಂದಿದ ಸೊಂಟದ ದಾರಿಯಲ್ಲಿ ದೊಡ್ಡ ತಲೆಯ ಮಗು ಹೊರಳಿ ಹೊರಳಿ ಬರಬೇಕು. ಸಾಮಾನ್ಯವಾಗಿ ಅದರ ಮುಖ ತಾಯಿಯ ಬೆನ್ನಿನ ಕಡೆಗಿರುವುದರಿಂದ ತಾಯಿ ತಾನೇ ಎಳೆದುಕೊಳ್ಳುವುದು ಅಪಾಯ. ಸೂಲಗಿತ್ತಿ ಬೇಕಾದದ್ದು ಹೀಗೆ. ಎರಡು ಕಾಲಿನ ಮೇಲೆ ನಿಂತ ಜೀವಿ ಒಬ್ಬರ ಕೈ ಇನ್ನೊಬ್ಬರಿಗೆ ಬೇಕಾದ ಜೀವಿಯೂ ಆಯಿತು.

ನೀರು ಕಟ್ಟಿಹಾಕಿದ ಬೆನ್ನು

ನೆಟ್ಟಗೆ ನಿಂತದ್ದಕ್ಕೆ ಮೈ ತೆರುವ ಸುಂಕ ಇನ್ನೂ ಇದೆ. ಭಾರವೆಲ್ಲ ಸೊಂಟದ ಕೆಳಗಿನ ಮಣಿಗಳ ಮೇಲೆ, ಎರಡು ಮಂಡಿಗಳ ಮೇಲೆ. ವಯಸ್ಸಾದವರ ಬೆನ್ನುನೋವು, ಮಂಡಿನೋವಿನಲ್ಲಿ ಅದರ ಪಾಲಿದೆ. ಅಜ್ಜಿಯದೂ ಅಷ್ಟೇ ಎಂದು ಮನೆಯವರು ತಿಳಿದಿದ್ದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ್ದು, “ಯಾವ ನೀರು ಕುಡಿತೀರಿ?” ಎಂದು. ಆಮೇಲೆ ಜೊತೆಗೆ ಬಂದಿದ್ದ ಮೊಮ್ಮಗನ ಬಾಯಿ ತೆರೆಸಿ ಹಲ್ಲು ನೋಡಿದರು. ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಕಂದು ಗೆರೆಗಳಿದ್ದವು.

ಚಳ್ಳಕೆರೆ, ಮೊಳಕಾಲ್ಮುರು, ನೆರೆಯ ಪಾವಗಡ ಸೀಮೆಯಲ್ಲಿ ಮಳೆ ಕಡಿಮೆ. ಬೋರ್‌ವೆಲ್ಲುಗಳು ಆಳಕ್ಕೆ ಇಳಿದಿವೆ. ಇಲ್ಲಿನ ಬಂಡೆಗಳೊಳಗಿನ ಫ್ಲೋರೈಡ್ ಅಂತರ್ಜಲದಲ್ಲಿ ಕರಗಿ ಬರುತ್ತದೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದಾಗಲೂ 1.5 ಮೀರಬಾರದು ಎಂಬುದು ಭಾರತೀಯ ಮಾನಕ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಬೆಳೆಯುವ ಮಕ್ಕಳ ಹಲ್ಲು ಕೆಡುತ್ತದೆ. ನೀರಿನಲ್ಲಿ ಅದು ಬಹಳ ಹೆಚ್ಚಿದ್ದರೆ ಎಲುಬಿನಲ್ಲಿ ಸಂಚಯವಾಗಿ, ಎಲುಬಿಗೆ ಎಲುಬನ್ನು ಕಟ್ಟುವ ನಾರುಗಳು ಕೂಡ ಸುಣ್ಣಗಟ್ಟುತ್ತವೆ. ಸ್ಪ್ರಿಂಗಿನಂತಿದ್ದ ಬೆನ್ನು ಕೋಲಾಗುತ್ತದೆ, ಮಂಡಿಗಳು ಸೊಟ್ಟಗಾಗುತ್ತವೆ. ನಮ್ಮ ದೇಶದಲ್ಲಿ ಇದನ್ನು ಮೊದಲು ದಾಖಲಿಸಿದ್ದು ದೂರವೇನಲ್ಲ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ, 1937ರಲ್ಲಿ. ಲಕ್ಷಾಂತರ ವರ್ಷಗಳಲ್ಲಿ ನೆಟ್ಟಗಾದ ಬೆನ್ನನ್ನು ಬಗ್ಗಿಸಲು ನೀರಿಗೆ ಮೂವತ್ತು ನಲವತ್ತು ವರ್ಷ ಸಾಕು.

ಈ ಮಾತು ಮನೆಯಲ್ಲಿ ಎದ್ದಾಗ ಅಪ್ಪ ಒಪ್ಪಲಿಲ್ಲ. “ನಮ್ಮಪ್ಪನೂ ಈ ಊರ ನೀರೇ ಕುಡಿದಿದ್ದು. ತೊಂಬತ್ತು ವರ್ಷ ಬಾಳಿದ. ನಮ್ಮ ಬೋರಿನ ನೀರು ಕಲ್ಲುಸಕ್ಕರೆ ಹಂಗೈತೆ” ಎಂದ. ನೀರು ಸಿಹಿಯಾಗಿರುವುದೇನೋ ನಿಜ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಮತ್ತಷ್ಟು ಸಾಂದ್ರವಾಗುತ್ತದೆ.

ಆಗ ಅಜ್ಜಿಯೇ ಬಾಯಿ ಬಿಟ್ಟಳು. “ನಿಮ್ಮಪ್ಪ ಕುಡಿದಿದ್ದು ಬೋರಿನ ನೀರಲ್ಲ ಕಣಪ್ಪ. ಕೆರೆ ನೀರು, ಸೇದೋ ಬಾವಿ ನೀರು. ಬೋರು ಬಂದಿದ್ದು ನೀನು ಸ್ಕೂಲಿಗೆ ಹೋಗೋವಾಗ. ಅಲ್ಲಿಂದ ಅದನ್ನೇ ಕುಡಿದೋಳು ನಾನು.”

ಅಪ್ಪ ಮರುಮಾತಾಡಲಿಲ್ಲ. ಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ ಗುರುವೆಂದು. ಮಳೆಯ ನೀರನ್ನು ಮಣ್ಣಿನ ಏರಿಯಲ್ಲಿ ತಡೆದು ನಿಲ್ಲಿಸಿದವರಿಗೆ ಫ್ಲೋರೈಡಿನ ಹೆಸರು ತಿಳಿಯದಿರಬಹುದು. ಆದರೆ ಬಂಡೆಯ ಆಳಕ್ಕಿಳಿಯದ ಆ ನೀರು ಎಷ್ಟೋ ತಲೆಮಾರುಗಳ ಬೆನ್ನನ್ನು ನೆಟ್ಟಗೆ ಉಳಿಸಿತ್ತು.

ಅಜ್ಜಿಯ ಬೆನ್ನು ಮತ್ತೆ ಮೊದಲಿನಂತಾಗುವುದಿಲ್ಲ. ಗಟ್ಟಿಯಾದ ನಾರನ್ನು ಮೆದುಗೊಳಿಸುವ ಔಷಧವಿಲ್ಲ. ಹುಡುಗನ ಹಲ್ಲಿನ ಗೆರೆಯೂ ತಾನಾಗಿ ಅಳಿಯುವುದಿಲ್ಲ. ಆದರೆ ಕಂಬ ಹಿಡಿದು ನಿಂತಿರುವ ಕೂಸಿನ ಶಾಶ್ವತ ಹಲ್ಲುಗಳು ಇನ್ನೂ ವಸಡಿನೊಳಗೇ ಇವೆ. ಅವಳ ಮಂಡಿಯ ಓರೆ, ಸೊಂಟದ ಬಾಗು, ಅಂಗಾಲಿನ ಕಮಾನು ಎಲ್ಲವೂ ಇನ್ನು ಮೂಡಬೇಕಾದವು. ಅವಳು ಕುಡಿಯುವ ನೀರು, ಹಾಲು, ರಾಗಿ ಗಂಜಿಯ ಮೇಲೆ ಅದು ನಿಂತಿದೆ. ಇಂಥ ಊರುಗಳಲ್ಲಿ ತಂದೆತಾಯಂದಿರು ಮಾಡಬಹುದಾದದ್ದು ದೊಡ್ಡದೇನಲ್ಲ. ತಾವು ಕುಡಿಯುವ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸುವುದು, ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮತ್ತು ಅಡುಗೆಗೆ ಶುದ್ಧೀಕರಿಸಿದ ನೀರನ್ನೋ ಹಿಡಿದಿಟ್ಟ ಮಳೆ ನೀರನ್ನೋ ಬಳಸುವುದು. ಬಟ್ಟೆ ಪಾತ್ರೆ ತೊಳೆಯಲು, ದನಕರುಗಳ ಮೈ ತೊಳೆಯಲು ಬೋರಿನ ನೀರು ಸಾಕು.

ತೇರು ಮುಗಿದ ಮಾರನೆಯ ಬೆಳಗ್ಗೆ ಅಪ್ಪ ಯಾರಿಗೂ ಏನೂ ಹೇಳದೆ ಮೊಪೆಡ್ಡಿಗೆ ಇಪ್ಪತ್ತು ಲೀಟರಿನ ಕ್ಯಾನು ಕಟ್ಟಿಕೊಂಡು ಶುದ್ಧ ನೀರಿನ ಘಟಕದ ಕಡೆಗೆ ಹೋದ. ಹುಣಸೆ ಮರದ ಮುಸುವಗಳು ಇನ್ನೊಂದು ಮರಕ್ಕೆ ಹಾರಿದ್ದವು. ಕೂಸು ಕಂಬ ಬಿಟ್ಟು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಟ್ಟು ಅಜ್ಜಿಯ ಮಡಿಲಿಗೆ ಬಿದ್ದಿತು. ಅಜ್ಜಿ ಬಗ್ಗಿ ಎತ್ತಿಕೊಳ್ಳಲಾರಳು. ಮೊಮ್ಮಗನೇ ಎತ್ತಿ ಅವಳ ತೊಡೆಯ ಮೇಲೆ ಕೂರಿಸಿದ.

“ಇವಳು ಬರೋ ವರ್ಷ ಹಟ್ಟಿಗೆ ನಡಕಂಡು ಹೋಗ್ತಾಳೆ ನೋಡು” ಎಂದಳು ಅಜ್ಜಿ.